‘ಬನ್ನಿ’ ಎನ್ನಲಾಗದ ಬೀಳ್ಕೊಡುಗೆ

ಕೋಗಿಲು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ರಾಜಣ್ಣನವರ ಚಟ್ಟವನ್ನು ಹೆಗಲಿಗೆ ಎತ್ತುತ್ತಿದ್ದಂತೆ, ಗೇಟಿನ ಬಳಿ ನಿಂತಿದ್ದ ಸೊಸೆ ಲಿನ್ ಕೈಮುಗಿದು, “ಹೋಗ್ಬಿಟ್ಟು ಬನ್ನಿ ಮಾವ” ಎಂದಳು. ಚೀನಾದಿಂದ ಬಂದ ಹುಡುಗಿ. ಕನ್ನಡ ಕಲಿತದ್ದು ಈ ಮನೆಯಲ್ಲೇ. ಹೊರಡುವವರಿಗೆ ಬರೀ ‘ಹೋಗಿ’ ಎನ್ನಬಾರದೆಂದು ಹೇಳಿಕೊಟ್ಟವರು ಅತ್ತೆ ಸರೋಜಮ್ಮ.

ಹೆಂಗಸರ ನಡುವಿದ್ದ ಅಜ್ಜಿಯೊಬ್ಬರು ಅವಳ ಕೈ ಹಿಡಿದು, “ಸಾವಿನ ಮನೇಲಿ ಬನ್ನಿ ಅನ್ಬಾರ್ದು ಕಣಮ್ಮ” ಎಂದರು.

“ಮತ್ತೆ ಏನ್ ಹೇಳ್ಬೇಕು ಅಜ್ಜಿ?”

ಅಜ್ಜಿ ನಮ್ಮತ್ತ ತಿರುಗಿ ನೋಡಿದರು. ಲಿನ್ ತಲೆ ಬಾಗಿಸಿ, ತನ್ನ ಭಾಷೆಯಲ್ಲಿ ಮೆಲ್ಲಗೆ, “ಮಾನ್ ಝೋ” ಎಂದಳು.

ಬೆಳಗಿನಿಂದ ಅಳದೆ, ಮಾತಾಡದೆ ಕುಳಿತಿದ್ದ ಸರೋಜಮ್ಮ ಆಗ ಕೇಳಿದರು: “ಹಂಗಂದ್ರೆ ಏನೇ?”

“ನಿಧಾನವಾಗಿ ನಡೀರಿ ಅಂತ ಅತ್ತೆ. ನಮ್ಮೂರಲ್ಲಿ ಹೊರಡೋ ನೆಂಟ್ರಿಗೆಲ್ಲ ಬಾಗ್ಲಲ್ಲಿ ಹೇಳ್ತೀವಿ. ಅದನ್ನ ಕೇಳಿ ಯಾರೂ ನಿಧಾನವಾಗೇನೂ ನಡಿಯಲ್ಲ. ಜೋಪಾನ ಅನ್ನೋ ಅರ್ಥ, ಅಷ್ಟೇ.”

ಸರೋಜಮ್ಮ ಎದ್ದು ಹೋಗಿ ಚಟ್ಟದ ಬಿದಿರನ್ನು ಹಿಡಿದುಕೊಂಡರು. “ನಿಧಾನಕ್ಕೆ ನಡೀರಿ,” ಎಂದರು. “ಜೋಪಾನ ಕಣ್ರೀ.” ಆಮೇಲೆ ಅತ್ತರು. ಅವರು ತಾವಾಗಿ ಕೈ ಬಿಡುವವರೆಗೂ ಹೆಗಲು ಕೊಟ್ಟವರು ಹೆಜ್ಜೆ ಇಡಲಿಲ್ಲ.

ನನ್ನ ಯಜಮಾನರು ಸ್ಕೂಟರ್ ಹತ್ತಿ ಯಶವಂತಪುರದ ಮಂಡಿಗೆ ಹೊರಟಾಗ ಮೊದಲೆಲ್ಲ ಅಡುಗೆಮನೆಯಿಂದಲೇ “ಹೋಗಿ ಬನ್ನಿ” ಎಂದು ಕೂಗುತ್ತಿದ್ದೆ. ಈಗ ಒಲೆ ಆರಿಸಿ, ಹೊರಗೆ ಬಂದು, ಅವರ ಮುಖ ನೋಡಿ ಅದೇ ಮಾತು ಹೇಳುತ್ತೇನೆ.