ದುರುಗಪ್ಪನ ವಾಸನಿ ಬುಟ್ಟಿ

ನನ್ನ ಮೈದುನ ದುರುಗಪ್ಪ ಸಾಬೂನು ಮುಟ್ಟುತ್ತಿರಲಿಲ್ಲ. ಮದುವೆ ಮನೆಯಲ್ಲೂ ಮೀನು ನಾರುವ ಕೈಯಲ್ಲೇ ಉಣ್ಣಲು ಕೂರುತ್ತಿದ್ದ. ಪಕ್ಕದವರು ಎದ್ದು ಹೋದರೆ ಅವರ ಎಲೆಯ ಹೋಳಿಗೆಯನ್ನೂ ತಿನ್ನುತ್ತಿದ್ದ.

ತಂಬ್ರಹಳ್ಳಿ ಕಡೆಯ ನಮ್ಮ ಹಳ್ಳದಲ್ಲಿ ಮೊದಲು ಕುಚ್ಚು ಅನ್ನುವ ನಾಡ ಮೀನು ಇದ್ದವು. ಅವನ್ನು ಸಂತೆಗೆ ಹೊತ್ತೇ ನಾನು ಮೂರು ಮಕ್ಕಳನ್ನು ಸಾಕಿದೆ. ಎಲ್ಲಿಂದಲೋ ಜಿಲೇಬಿ ಅನ್ನುವ ಪರದೇಶದ ಮೀನು ಬಂದು ಸೇರಿ ಕುಚ್ಚಿನ ಮರಿಗಳನ್ನೆಲ್ಲ ತಿಂದುಹಾಕಿದವು.

ಹತ್ತಿ ಹೊಲದಲ್ಲಿ ಹೆಣ್ಣು ಹುಳದ ವಾಸನೆ ಇಟ್ಟು ಗಂಡು ಹುಳ ಹಿಡಿಯುವ ಮೋಹಕ ಬಲೆಯನ್ನು ದುರುಗಪ್ಪ ನೋಡಿಕೊಂಡು ಬಂದಿದ್ದ. ಬೆದೆಗೆ ಬಂದು ಮೈ ಕಪ್ಪಾದ ಒಂದು ಗಂಡು ಜಿಲೇಬಿಯನ್ನು ಬಿದಿರು ಬುಟ್ಟಿಯೊಳಗೆ ಹಾಕಿ ಹಳ್ಳಕ್ಕೆ ಇಳಿಬಿಟ್ಟ. ಮಧ್ಯಾಹ್ನಕ್ಕೆ ಬುಟ್ಟಿ ತುಂಬ ಹೆಣ್ಣು ಮೀನು.

"ಕಂಡು ಬರಂಗಿಲ್ಲ ಅತ್ತಿಗಿ, ವಾಸನಿಗೆ ಬರ್ತಾವು. ಸಾಬೂನು ನೀರು ಬಿತ್ತಂದ್ರ ಒಂದೂ ಬರಂಗಿಲ್ಲ."

ಊರ ಹೆಂಗಸರ ಮುಂದೆ ನಿಂತವಳು ನಾನು. "ಹಳ್ಳಕ್ಕ ಬಟ್ಟಿ ತರಬ್ಯಾಡ್ರಿ, ನನ್ನ ಮೈದುನ ಆ ಮೀನು ಖಾಲಿ ಮಾಡ್ತಾನ" ಅಂದೆ.

"ಮೀನಿಗೆ ಮದುವಿ ಮಾಡಸ್ತಾನೇನ ಹನುಮಕ್ಕ ನಿನ್ನ ಮೈದುನ?" ಅಂತ ನಕ್ಕರು. ನಕ್ಕರೂ ನನ್ನ ಮಾತಿಗೆ ಬೇಸಿಗೆ ಪೂರಾ ಬೋರಿನ ತನಕ ಬಟ್ಟೆ ಹೊತ್ತರು. ಯಾರೂ ಲೆಕ್ಕಕ್ಕಿಡದ ಮನುಷ್ಯ ದುರುಗಪ್ಪಣ್ಣ ಆದ. ಕಟ್ಟೆಗೆ ಕರೆದು ಕೂಡಿಸಿ ಚಾ ಕೊಟ್ಟರು.

ಮೀನು ಮಾತ್ರ ಮುಗಿಯಲಿಲ್ಲ.

ಒಂದು ದಿನ ಎಮ್ಮೆ ಹುಡುಕುತ್ತ ಹಳ್ಳದ ಮೇಲಿನ ಮಡುವಿಗೆ ಹೋದೆ. ದುರುಗಪ್ಪ ಕೊಡ ಬಗ್ಗಿಸುತ್ತಿದ್ದ. ತಾನು ಹಿಡಿದ ಜಿಲೇಬಿಗಳೇ. ಜಿಲೇಬಿ ತನ್ನ ಮರಿಗಳನ್ನು ಬಾಯೊಳಗೇ ಸಾಕುತ್ತದೆ; ಹಾಗೆ ಬಾಯಿ ತುಂಬ ಮರಿ ಇಟ್ಟುಕೊಂಡವನ್ನೇ ಆರಿಸಿ ನೀರಿಗೆ ಬಿಡುತ್ತಿದ್ದ.

"ಏನಲೇ ಇದು?"

"ಎಲ್ಲಾ ಖಾಲಿ ಆದ್ರ ನನ್ನ ಯಾರು ಕರೀತಾರ ಅತ್ತಿಗಿ?"

"ಮತ್ತ ನನ್ನ ಕುಚ್ಚು ಮೀನು?"

ಕೊಡದ ತಳದಲ್ಲಿ ಉಳಿದ ಮೀನನ್ನೂ ನೀರಿಗೆ ಕೊಡವಿದ.

ಊರಿಗೆ ಹೇಳಲಿಲ್ಲ ನಾನು. ಏನಂತ ಹೇಳಲಿ, ಮಾತು ಕೊಟ್ಟವಳು ನಾನೇ. ಮರುದಿನ ಅವನ ಬುಟ್ಟಿಗಿಂತ ನಾಕು ಮಾರು ಮೇಲೆ ಕೂತು, ಅವನು ನೋಡುತ್ತಿದ್ದಂತೆಯೇ ಸಾಬೂನು ಹಚ್ಚಿ ಸೀರೆ ಒಗೆದೆ. "ಅತ್ತಿಗಿ" ಅಂದ. ಇನ್ನೊಂದು ಸೀರೆ ತೆಗೆದೆ. ಬುಟ್ಟಿ ಎತ್ತಿಕೊಂಡು ಹೋದ. ಅವನು ನನ್ನ ಕೂಡ ಆಡಿದ ಕೊನೆಯ ಮಾತು ಅದು.

ಆಮೇಲೆ ಊರು ಬಿಟ್ಟವನು ಕೆಲವು ವರ್ಷಕ್ಕೆ ಹೊಳಲು ಅನ್ನುವ ಊರಿನಲ್ಲಿ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ, ಅಳು ಬರಲಿಲ್ಲ.

ಈಗ ಹಳ್ಳದಲ್ಲಿ ಜಿಲೇಬಿ ಬಿಟ್ಟರೆ ಬೇರೆ ಇಲ್ಲ. ನಾನೂ ಅದನ್ನೇ ಮಾರುತ್ತೇನೆ. ಸಂತೆಯಲ್ಲಿ ಯಾರಾದರೂ ಯಾವ ಮೀನು ಅಂತ ಕೇಳಿದರೆ, "ದುರುಗಪ್ಪನ ಮೀನು" ಅನ್ನುತ್ತೇನೆ.