ರಾಗಿಯ ಹಗೇವು ಸೆರೆಮನೆಯಾದದ್ದು

ಟಿ.ವಿ.ಯಲ್ಲಿ ಚರಿತ್ರೆಯ ಸಾಕ್ಷ್ಯಚಿತ್ರ ಬಂದರೆ ನಾನು ಎದ್ದು ಹೋಗುತ್ತೇನೆ. ಯಾರೋ ಗಂಭೀರ ದನಿಯಲ್ಲಿ ‘ಇಲ್ಲಿಯೇ, ಇದೇ ಜಾಗದಲ್ಲಿ’ ಎಂದು ಶುರು ಮಾಡಿದರೆ ಸಾಕು, ಮೈ ಉರಿಯುತ್ತದೆ. ಇದೇ ಜಾಗ ಎಂದು ನಿನಗೆ ಹೇಳಿದವರು ಯಾರಪ್ಪ ಎಂದು ಪೆಟ್ಟಿಗೆಯ ಜೊತೆಗೇ ಜಗಳಕ್ಕೆ ನಿಲ್ಲುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಇದು ವಯಸ್ಸಾದ ಮೇಲೆ ಬಂದ ಸಿಡುಕಲ್ಲ. ಎಪ್ಪತ್ತರ ದಶಕದಲ್ಲಿ, ನಮ್ಮ ಕಡೆ ಟಿ.ವಿ. ಎಂಬ ವಸ್ತುವನ್ನೇ ಯಾರೂ ಕಣ್ಣಾರೆ ಕಾಣದಿದ್ದ ಕಾಲದಲ್ಲಿ, ಟಿ.ವಿ.ಗೆಂದು ತೆಗೆದ ಒಂದು ಚಿತ್ರ ನಮ್ಮಪ್ಪನಿಗೆ ಏನು ಮಾಡಿತು ಎಂಬುದನ್ನು ನೋಡಿದವಳು ನಾನು.

ನಮ್ಮದು ಮಾಡದಕೆರೆ ಹತ್ತಿರದ ಹಳ್ಳಿ. ಒಂದು ಹಿಂಡು ಕುರಿ, ಒಂದಿಷ್ಟು ಹೊಲ. ನಾನು ಹೊಸದುರ್ಗದ ಶಾಲೆಯಲ್ಲಿ ಟೀಚರಾಗಿದ್ದೆ, ಊರಿನಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಮ್ಮದನ್ನು ತೋಡಿಸಿದವನು ನಮ್ಮಜ್ಜ. ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದವರಲ್ಲಿ, ಆಗಿನ್ನೂ ಮೀಸೆ ಮೂಡದ ನಮ್ಮಪ್ಪನೂ ಒಬ್ಬ. ದುರ್ಗದ ಪಾಳೆಗಾರರ ಆಳ್ವಿಕೆ ಮುಗಿದು ಆಗಲೇ ನೂರು ವರ್ಷದ ಮೇಲಾಗಿತ್ತು. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿದೆ. ಚಪ್ಪಡಿ ಸರಿಸಿದ ತಕ್ಷಣ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಇಳಿದವನು ಉಸಿರು ಸಿಕ್ಕದೆ ಅಲ್ಲೇ ಒರಗುತ್ತಾನೆ. ಬಾಯಿ ತೆರೆದು ಬಿಟ್ಟು, ಮಾರನೆಯ ದಿನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿಯುತ್ತಿದ್ದರೆ ಇಳಿಯಬಹುದು. ನಮ್ಮಪ್ಪ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಹಗ್ಗದ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, ಒಳಗಿನ ಬೆಳಕನ್ನೇ ನೋಡುತ್ತ ನಿಂತನೆಂದರೆ ಅವ್ವ ಕರೆದರೂ ಓಗೊಡುತ್ತಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಮನೆ ಮುಂದೆ ಜೀಪು ಬಂದು ನಿಂತಿತು. ದುರ್ಗದ ಕೋಟೆಯ ಚರಿತ್ರೆಯನ್ನು ದೆಹಲಿ, ಬೊಂಬಾಯಿಯ ಟಿ.ವಿ.ಗೆಂದು ಚಿತ್ರ ಮಾಡಲು ಬಂದವರು. ನಿರ್ದೇಶಕನಿಗೆ ಕನ್ನಡ ಬರದು. ಅವನ ಇಂಗ್ಲಿಷನ್ನು ಅಪ್ಪನಿಗೂ ಅಪ್ಪನ ಮಾತನ್ನು ಅವನಿಗೂ ನಾನೇ ದಾಟಿಸಿದೆ. ಹಳೆಯ ಕಾಲದ ನೆಲಗುಂಡಿಗಳು ಈ ಹಳ್ಳಿಗಳಲ್ಲಿವೆಯಂತೆ, ಒಂದನ್ನು ತೆಗೆಯುವುದನ್ನು ತೋರಿಸುತ್ತೀರಾ ಎಂದು ಕೇಳಿದ.

“ಅದಕ್ಕೇನಂತೆ, ಬರ್ರಿ, ಕುಂತ್ಕಳ್ರಿ,” ಎಂದು ಅಪ್ಪ ಕಂಬಳಿ ಹಾಸಿದ. “ಹೆಂಗೂ ರಾಗಿ ತೆಗೀಬೇಕಿತ್ತು. ಇವತ್ತು ಬಾಯಿ ಬಿಚ್ತೀನಿ, ನಾಳೆ ಬರ್ರಿ.”

ಮಾರನೆಯ ದಿನ ಅಪ್ಪ ಒಗೆದ ಪಂಚೆ ಉಟ್ಟು, ಕ್ಯಾಮೆರಾ ಮುಂದೆ ಲಾಟೀನು ಇಳಿಬಿಟ್ಟು, ಗಾಳಿ, ರಾಗಿ, ಹುಲ್ಲು ಎಲ್ಲವನ್ನೂ ಹೇಳಿದ. ನಾನು ಒಂದೊಂದು ಮಾತನ್ನೂ ನಿರ್ದೇಶಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಇದನ್ನು ತೋಡಿಸಿದ್ದು ನಮ್ಮಜ್ಜ ಎಂಬುದನ್ನೂ ಹೇಳಿದೆ. ಅವನು ತಲೆಯಾಡಿಸಿ ‘ವಂಡರ್‌ಫುಲ್’ ಎಂದ. ಅವನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಅದೇ ಹಗೇವಿನ ರಾಗಿಯ ಮುದ್ದೆಯನ್ನು ಉಪ್ಪುಸಾರಿನಲ್ಲಿ ಅದ್ದಿ ತಿಂದು ಹೋದ.

ಟಿ.ವಿ.ಯಲ್ಲಿ ಅದು ಯಾವಾಗ ಬಂತೋ ನಮಗೆ ತಿಳಿಯದು. ಒಂದು ವರ್ಷ ಕಳೆದ ಮೇಲೆ ಅದನ್ನೇ ಕನ್ನಡ ಮಾಡಿ ನಮ್ಮ ಕಡೆಯ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸತೊಡಗಿದರು. ಹೊಸದುರ್ಗಕ್ಕೂ ಬಂತು. ಅಪ್ಪ ಊರಿಗೆಲ್ಲ ಸಾರಿಬಿಟ್ಟ. “ಮಧ್ಯಾಹ್ನದ ಆಟಕ್ಕೇ ಹೋಗಾಣ,” ಎಂದು ನನ್ನನ್ನು, ಅವ್ವನನ್ನು, ಅಕ್ಕಪಕ್ಕದವರನ್ನು ಎಳೆದುಕೊಂಡು ಹೋದ. ನಮ್ಮಲ್ಲಿ ರಾಗಿ ಕೊಳ್ಳುತ್ತಿದ್ದ ಹೊಸದುರ್ಗದ ಸಾಬರೂ ಅಂಗಡಿ ಮಗನಿಗೆ ಬಿಟ್ಟು ಬಂದರು. ಅವರ ತಂದೆ ನಮ್ಮಜ್ಜನಿಂದ ರಾಗಿ ಕೊಂಡವರು, ಅಷ್ಟು ಹಳೆಯ ಬಳಕೆ.

ಚಿತ್ರ ಶುರುವಾಯಿತು. ಬೆಳ್ಳಿಕಾಗದ ಸುತ್ತಿದ ಕತ್ತಿ ಹಿಡಿದ ಸೈನಿಕರು ಕೋಟೆ ಹತ್ತಿದರು. ಒಬ್ಬನ ಕೈಯಲ್ಲಿ ಗಡಿಯಾರ ಇತ್ತು. ನಾನು ನಕ್ಕೆ. ಆಮೇಲೆ ಪರದೆಯ ತುಂಬ ಅಪ್ಪನ ಮುಖ ಬಂತು. ನಮ್ಮೂರಿನವರು ಶಿಳ್ಳೆ ಹೊಡೆದರು. ಅಪ್ಪ ಹಗ್ಗ ಹಿಡಿದು ಬಗ್ಗಿದ್ದಾನೆ, ತುಟಿ ಆಡುತ್ತಿದೆ, ಆದರೆ ಅವನ ಮಾತಿಲ್ಲ. ಅದರ ಮೇಲೆ ಇನ್ಯಾರದೋ ದನಿ: ಪಾಳೆಗಾರರ ವೈರಿಗಳು ಕೊನೆಯುಸಿರೆಳೆದದ್ದು ಇಂಥ ಕತ್ತಲ ಕೂಪಗಳಲ್ಲಿ, ಒಳಗಿನ ಕೈದಿ ಸತ್ತನೋ ಇಲ್ಲವೋ ಎಂದು ತಿಳಿಯಲು ಕಾವಲುಗಾರರು ಹೀಗೆ ದೀಪ ಇಳಿಸಿ ನೋಡುತ್ತಿದ್ದರು, ಆ ಕಾವಲುಗಾರರ ವಂಶದವರು ಇಂದಿಗೂ ಈ ಹಳ್ಳಿಗಳಲ್ಲಿ ಬದುಕಿದ್ದಾರೆ.

ಶಿಳ್ಳೆ ನಿಂತಿತು. ಯಾರೋ ಹಿಂದಿನ ಬೆಂಚಿನಿಂದ “ಲೇ, ಕೊಲೆಗಾರ್ರ ಪೈಕಿ ಏನ್ಲೇ ಇವರು” ಎಂದರು. ಸಾಬರು ಎದ್ದು ನಿಂತು, “ಅದು ರಾಗಿ ಹಗೇವು ಕಣ್ರಪ್ಪ, ನಾನೇ ಚೀಲ ತುಂಬ್ಸಿಕೊಂಡು ಬಂದೀನಿ,” ಎಂದು ಕೂಗಿದರು. ಮುಂದೆ ಅಡ್ಡ ನಿಂತರೆಂದು ಅವರನ್ನೇ ಗದರಿಸಿ ಕೂರಿಸಿದರು. ಅಷ್ಟರಲ್ಲಿ ದೊಡ್ಡ ಸಿನಿಮಾ ಶುರುವಾಯಿತು, ಹಾಡು ಬಂತು, ಜನ ಮರೆತರು. ಅಪ್ಪ ಪೂರ್ತಿ ಸಿನಿಮಾ ಅಲ್ಲಾಡದೆ ಕೂತಿದ್ದ. ಬಸ್ಸಿನಲ್ಲಿ ಮಾತ್ರ ಕೇಳಿದ, “ನಾನು ಹೇಳಿದ್ದು ಇದಲ್ಲ ಅಲ್ವೇನಮ್ಮ?”

ಸೀಮೆಎಣ್ಣೆಯ ಲಾಟೀನು! ಪಾಳೆಗಾರರ ಕಾಲಕ್ಕೆ ಸೀಮೆಎಣ್ಣೆ ಯಾವ ಅಂಗಡಿಯಲ್ಲಿ ಸಿಗುತ್ತಿತ್ತು ಎಂದು ಕೇಳುವ ಒಬ್ಬನಾದರೂ ಬೇಡವೇ? ಯಾರೂ ಕೇಳಲಿಲ್ಲ. ಪರದೆಯ ಮೇಲೆ ಬಂದದ್ದು, ಅದೂ ಓದಿದವರ ದನಿಯಲ್ಲಿ ಬಂದದ್ದು, ಸುಳ್ಳಾಗುವುದು ಹೇಗೆ? ಹೊಳಲ್ಕೆರೆ ಸಂತೆಗೆ ಹೋದರೆ ಕುರಿ ನೋಡುವ ನೆಪದಲ್ಲಿ ಜನ ಅಪ್ಪನನ್ನು ನೋಡಲು ಬರುತ್ತಿದ್ದರು. ಶಾಲೆಯಲ್ಲಿ ಮಕ್ಕಳು, “ಟೀಚರ್, ನಿಮ್ಮ ಮನ್ಯಾಗೆ ಮೂಳೆ ಅವೆ ಅಂತೆ, ಹೌದಾ?” ಎಂದರು. ಸಾಬರು ರಾಗಿ ಕೊಳ್ಳುವುದನ್ನು ಬಿಡಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಒಂದು ದಿನ ಅಪ್ಪನ ಕೈ ಹಿಡಿದು, ತಾವೇ ನಾಚಿಕೊಂಡು ಹೇಳಿದರು: “ನಾನು ತಗಳ್ತೀನಿ ಅಣ್ಣ, ಏನೂ ಫಿಕರ್ ಮಾಡಬ್ಯಾಡ. ಯಾರ ಹಗೇವಿಂದು ಅಂತ ಮಾತ್ರ ಅಂಗಡಿ ಮುಂದೆ ಹೇಳಬ್ಯಾಡ.”

ಜವನಗೊಂಡನಹಳ್ಳಿ ಕಡೆಯ ಒಂದು ಮನೆಗೆ ನನ್ನನ್ನು ಕೊಡುವ ಮಾತಾಗಿತ್ತು. ಅವರ ಹಿರಿಯರೊಬ್ಬರು ಬಂದರು, ಕೊಟ್ಟ ನೀರನ್ನೂ ಕುಡಿಯದೆ ಕೂತರು. “ನನಗೇನಿಲ್ಲ. ಹೆಂಗಸ್ರು ಹಿರಿಯೂರು ಟಾಕೀಸ್ನಾಗೆ ನೋಡಿ ಬಂದವ್ರೆ. ಹೆಣ ಬಿದ್ದ ಗುಂಡಿ ರಾಗಿ ಉಂಡು ಬೆಳೆದ ಹುಡುಗಿ ಬ್ಯಾಡ ಅಂತಾರೆ.” ಆ ಸಂಬಂಧ ಹೋದದ್ದಕ್ಕೆ ನಾನು ಅಳಲಿಲ್ಲ, ಅಂಥ ಮನೆಗೆ ಹೋಗಿ ಆಗಬೇಕಾದದ್ದು ಏನೂ ಇರಲಿಲ್ಲ. ಅಪ್ಪ ಸುಮ್ಮನಿದ್ದದ್ದಕ್ಕೆ ಸಿಟ್ಟು ಬಂತು. ‘ಇದು ನಮ್ಮಪ್ಪ ತೋಡಿಸಿದ್ದು’ ಎಂದು ಎದೆ ತಟ್ಟಿ ಹೇಳಬೇಕಾದವನು ನೆಲ ಕೆರೆಯುತ್ತ ಕೂತಿದ್ದ.

ಆ ವರ್ಷದ ಮಳೆಗಾಲದಲ್ಲಿ ಸಾಬರು ಸುದ್ದಿ ತಂದರು, ಆ ಜೀಪು ಮತ್ತೆ ದುರ್ಗದಲ್ಲಿದೆ, ಕೋಟೆಯ ಮೇಲೆ ಮೋಡ ಇಳಿಯುವುದನ್ನು ತೆಗೆಯಲು ಬಂದಿದ್ದಾರೆ ಎಂದು. ಭಾನುವಾರ ಬಸ್ಸು ಹತ್ತಿ ಹೋದೆ. ನಿರ್ದೇಶಕ ಕೋಟೆಯ ಬಾಗಿಲಲ್ಲಿ ಮೋಡಕ್ಕಾಗಿ ಕಾಯುತ್ತಿದ್ದ. ಗುರುತು ಹಿಡಿದು ಟೀ ತರಿಸಿದ. ನಾನು ಮುಟ್ಟಲಿಲ್ಲ. ಅದು ರಾಗಿಯ ಗುಂಡಿ ಎಂದು ನಾನೇ ನಿಮಗೆ ಹೇಳಿದ್ದೆನಲ್ಲ ಎಂದೆ.

“ಹೇಳಿದಿರಿ, ಒಪ್ಪುತ್ತೇನೆ,” ಎಂದ, ಯಾವ ಸಂಕೋಚವೂ ಇಲ್ಲದೆ. “ಆದರೆ ಧಾನ್ಯದ ಗುಂಡಿಯನ್ನು ತೋರಿಸಿದರೆ ದೆಹಲಿಯಲ್ಲಿ ಯಾರು ನೋಡುತ್ತಾರೆ? ಆ ಕಾಲದಲ್ಲಿ ಕ್ರೌರ್ಯ ಇತ್ತು, ಅದು ಸತ್ಯ ತಾನೇ? ನಮಗೆ ಅದನ್ನು ತೋರಿಸಲು ಒಂದು ದೃಶ್ಯ ಬೇಕಿತ್ತು. ನಿಮ್ಮ ತಂದೆಯ ಹೆಸರನ್ನಂತೂ ನಾವು ಎಲ್ಲೂ ಹೇಳಿಲ್ಲ.”

“ಹೆಸರು ಹೇಳಲಿಲ್ಲ, ಮುಖ ತೋರಿಸಿದಿರಿ,” ಎಂದೆ. “ಅವರ ಮಾತು ಕಿತ್ತು ಹಾಕಿ ನಿಮ್ಮದನ್ನು ತುರುಕಿದಿರಿ. ಇದನ್ನು ಚರಿತ್ರೆ ಅನ್ನಬೇಡಿ, ಚಾಡಿ ಅನ್ನಿ.” ಚಾಡಿ ಎಂಬುದಕ್ಕೆ ಇಂಗ್ಲಿಷ್ ಹೊಳೆಯದೆ ಕನ್ನಡದಲ್ಲೇ ಹೇಳಿದೆ. ಅಷ್ಟರಲ್ಲಿ ಮೋಡ ಬಂತೆಂದು ಕ್ಯಾಮೆರಾದವನು ಕೂಗಿದ, ನಿರ್ದೇಶಕ ಕ್ಷಮಿಸಿ ಎಂದು ಎದ್ದು ಹೋದ. ಕ್ಷಮೆ ಕೇಳಿದ್ದು ಮಾತಿನ ನಡುವೆ ಎದ್ದದ್ದಕ್ಕೆ.

ಊರಿಗೆ ಬಂದು ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅಪ್ಪ, ಸುಳ್ಳು ಎಂದು ಆ ನಿರ್ದೇಶಕನೇ ಒಪ್ಪಿಕೊಂಡ, ಇನ್ನು ತಲೆ ಎತ್ತಿ ಓಡಾಡು ಎಂದೆ. ಅಪ್ಪ ಕೇಳಿಸಿಕೊಂಡ. ಹೂಂ ಎಂದ. ಕೆಲಸವಾಯಿತು ಎಂದುಕೊಂಡೆ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ, ಸತ್ತ ಹಿರಿಯರಿಗೆ ಅಡುಗೆ ಮಾಡಿ ಎಡೆ ಇಡುತ್ತೇವೆ. ಒಳಗೆ ಅಜ್ಜ ಅಜ್ಜಿಗೆ ಎಡೆ ಇಟ್ಟದ್ದಾಯಿತು. ಆಮೇಲೆ ಅಪ್ಪ ಇನ್ನೊಂದು ಎಲೆಗೆ ಅನ್ನ, ಹೋಳಿಗೆ, ಪಲ್ಯ ಬಡಿಸಿಕೊಂಡು ಅಂಗಳಕ್ಕೆ ನಡೆದ. ನೋಡುತ್ತೇನೆ, ಹಗೇವಿನ ಚಪ್ಪಡಿಯ ಮೇಲೆ ಇಡುತ್ತಿದ್ದಾನೆ.

“ಯಾರಿಗಪ್ಪ ಅದು?”

“ಒಳಗೆ ಸತ್ತೋರಿಗೆ ಕಣಮ್ಮ. ಅನ್ನ ನೀರು ಇಲ್ದಂಗೆ ಹೋಗಿರ್ತಾರೆ.”

“ಇದನ್ನ ತೋಡುವಾಗ ಮಣ್ಣು ಹೊತ್ತೋನು ನೀನು ಅಪ್ಪ,” ಎಂದೆ.

“ಹೊತ್ತೀನಿ. ನಮ್ಮಪ್ಪ ಅಲ್ಲೇ ಯಾಕೆ ತೋಡ್ಸಿದ ಅಂತ ನಾನೇನು ಕೇಳಿದ್ನಾ? ಮೊದ್ಲೇ ಒಂದು ಗುಂಡಿ ಇತ್ತೋ ಏನೋ. ಅಷ್ಟು ದೂರದಿಂದ ಬಂದ ಓದಿದೋರು, ಏನೂ ಇಲ್ದೆ ಹೇಳ್ತಾರಾ?”

“ನಾನೂ ಓದಿದೋಳೇ. ನಾನು ಹೇಳ್ತಾ ಇದೀನಿ, ಸುಳ್ಳು ಅಂತ.”

“ನೀನು ಮನೆ ಮಗಳು,” ಎಂದ ಅಪ್ಪ, ಬಹಳ ಮೆತ್ತಗೆ. “ಮನೆ ಮರ್ಯಾದೆ ಉಳೀಲಿ ಅಂತ ಹೇಳ್ತೀಯ.”

ಆ ನಿರ್ದೇಶಕ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಇರಲಿಲ್ಲವಲ್ಲ, ಚಪ್ಪಡಿಯ ಮುಂದೆ ನೆಲದಲ್ಲಿ ಕೂತು ಆ ಎಡೆಯನ್ನು ಎಳೆದುಕೊಂಡು ಉಣ್ಣತೊಡಗಿದೆ. ಹೊರಗೆ, ದಿಕ್ಕಿಲ್ಲದೆ ಸತ್ತವರಿಗೆ ಇಟ್ಟ ಎಡೆಯನ್ನು ಬದುಕಿರುವವರು ಮುಟ್ಟಬಾರದು. ಅವ್ವ ಬಾಗಿಲಲ್ಲಿ ನಿಂತು “ಉಗುಳೇ, ಉಗುಳು” ಎಂದು ಅಳುತ್ತಿದ್ದಳು. ಇಲ್ಲಿ ಯಾರೂ ಸತ್ತಿಲ್ಲ, ಇದು ಯಾರ ಎಡೆಯೂ ಅಲ್ಲ ಎನ್ನುತ್ತ ಒಂದು ಅಗುಳೂ ಬಿಡದೆ ಉಂಡೆ. ಅಪ್ಪ ತಡೆಯಲಿಲ್ಲ. ನಾನು ಬಚ್ಚಲಿಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದು ಎಲೆಗೆ ಬಡಿಸಿ ತಂದು ಅದೇ ಜಾಗದಲ್ಲಿ ಇಟ್ಟಿದ್ದ. ಚಪ್ಪಡಿಗೆ ಹಣೆ ಮುಟ್ಟಿಸಿ, “ಹುಡುಗಿ ತಿಳೀದೆ ಉಂಡಾಳೆ, ಹೊಟ್ಟೆಗಾಕ್ಕಳ್ರಿ,” ಎಂದು ಒಳಗಿನವರನ್ನು ಬೇಡಿಕೊಳ್ಳುತ್ತಿದ್ದ.