ಕಸ್ತೂರೆವ್ವ ಕಟ್ಟಿದ ಭತ್ತದ ಗಂಟು

ಮುಧೋಳದಿಂದ ಮಹಾಲಿಂಗಪುರಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ, ಬೀಜದ ವಿಷಯ ಬಂತೆಂದರೆ ಕಸ್ತೂರೆವ್ವನದೇ ಕೊನೆಯ ಮಾತು. ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದು, ಇದು ಹುಟ್ಟುತ್ತದೆ, ಇದು ಹುಟ್ಟುವುದಿಲ್ಲ ಎಂದುಬಿಡುವ ಹೆಂಗಸು. ಐವತ್ತೆಂಟು ವರ್ಷದಲ್ಲಿ ಆಕೆಯ ಬಾಯಿಂದ 'ತಪ್ಪಾತು' ಎಂಬ ಮಾತು ಬಿದ್ದದ್ದನ್ನು ಕೇಳಿದವರಿಲ್ಲ. ಗಂಡ ಗಿರಿಮಲ್ಲಪ್ಪನಂತೂ ಆ ಆಸೆಯನ್ನೇ ಬಿಟ್ಟಿದ್ದ.

ಅವರ ಎರಡು ಎಕರೆ ಕಬ್ಬಿನ ಹೊಲ ನೀರು ಕುಡಿದು ಕುಡಿದು ಸವಳಾಗಿತ್ತು. ಮಣ್ಣಿನ ಮೇಲೆ ಬಿಳಿ ಉಪ್ಪು. ಕಬ್ಬು ಏಳಲಿಲ್ಲ, ಭತ್ತ ಹಾಕಿದರೆ ಅಲ್ಲೊಂದು ಇಲ್ಲೊಂದು ಹುಟ್ಟಿತು. ಆಗ ಕೃಷಿ ಇಲಾಖೆಯ ಮಧುಮತಿ ಬಂದು ದಾರಿ ಹೇಳಿಕೊಟ್ಟಳು: ಅಳತೆಯಷ್ಟು ಜಿಂಕ್ ಪುಡಿ ಕರಗಿಸಿದ ನೀರಿನಲ್ಲಿ ಬೀಜವನ್ನು ಬೆಳಗಿನಿಂದ ಸಂಜೆಯವರೆಗೆ ನೆನೆಸಿ, ಬಸಿದು, ನೆರಳಿನಲ್ಲಿ ಮೊದಲಿನಂತೆ ಒಣಗಿಸಿ ಬಿತ್ತಬೇಕು. ಸವಳು ಮಣ್ಣಿನಲ್ಲಿ ಸಿಗದ ಸತ್ವ ಕಾಳಿನ ಹೊಟ್ಟೆಯಲ್ಲೇ ಇದ್ದರೆ ಸಸಿ ಗಟ್ಟಿಯಾಗಿ ಏಳುತ್ತದೆ.

ನೆನೆಸಿದ್ದನ್ನು ಮತ್ತೆ ಒಣಗಿಸುವುದೇಕೆ ಎಂದು ಕಸ್ತೂರೆವ್ವ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದಾಗುತ್ತದಲ್ಲ! ಪಲ್ಯಕ್ಕೆಂದು ಮಡಕಿ ಕಾಳಿಗೆ ಮೊಳಕೆ ಕಟ್ಟಿ ಪಳಗಿದ ಕೈ ಅದು. ನೆನೆದ ಭತ್ತವನ್ನು ಹಳೆಯ ಧೋತರದಲ್ಲಿ ಬಿಗಿದು ಗಂಟು ಕಟ್ಟಿ, ಮೇಲೊಂದು ಕಲ್ಲು ಹೇರಿದಳು. ಎರಡು ದಿನಕ್ಕೆ ಬೆಳ್ಳಗೆ ಮೊಳಕೆ ಬಂತು. ಹಿಗ್ಗಿ, ಅದನ್ನೇ ಕೂರಿಗೆಗೆ ಹಾಕಿ ಬಿತ್ತಿಸಿದಳು.

ಹತ್ತು ದಿನವಾದರೂ ಹೊಲ ಬೋಳು. ಒಬ್ಬಳೇ ಹೋಗಿ ಒಂದು ಸಾಲು ಕೆದಕಿದಳು. ಕೂರಿಗೆಯ ಕೊಳವೆಯಲ್ಲಿ ಇಳಿಯುವಾಗಲೇ ಮೊಳಕೆ ಮುರಿದು, ಕಾಳು ಕೊಳೆತು ಕೂತಿದ್ದವು. ಕಾಲಿನಿಂದ ಮಣ್ಣು ಮುಚ್ಚಿ ಮನೆಗೆ ಬಂದಳು.

"ಹೊಲ ಸತ್ತೈತಿ," ಎಂದ ಗಿರಿಮಲ್ಲಪ್ಪ. ಆಕೆ ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಮೂರು ದಿನ ಕಳೆದು ಇಟ್ಟಂಗಿ ಭಟ್ಟಿಯ ಮಾಂತೇಶ ಬಂದು ಕಟ್ಟೆಯ ಮೇಲೆ ಕುಳಿತ. "ಸೋಮವಾರ ಜೆಸಿಬಿ ತರತೀನ್ರಿ ಕಾಕಾ. ಆಳುದ್ದ ಮಣ್ಣ ಒಯ್ತೀವಿ."

ಹೊಲದ ಮಣ್ಣನ್ನು ಇಟ್ಟಿಗೆಗೆ ಮಾರಲು ಒಪ್ಪಿದ್ದ ಗಿರಿಮಲ್ಲಪ್ಪ ಹೂಂ ಎಂದು ತಲೆಯಾಡಿಸಿದ. ಕಸ್ತೂರೆವ್ವ ಚಹಾ ತಂದು ಇಬ್ಬರ ಮುಂದೆಯೂ ಇಟ್ಟಳು. ಸೊಸೆಯಾಗಿ ಬಂದ ವರ್ಷದಿಂದ ಕಳೆ ಕಿತ್ತ ಹೊಲ ಭಟ್ಟಿಯಲ್ಲಿ ಬೇಯುವುದಿತ್ತು, ಅದೂ ಆಕೆಯ ತಪ್ಪಿಗೆ.

"ಹೊಲ ಸತ್ತಿಲ್ರಿ," ಎಂದಳು. "ತಪ್ಪ ನಂದು. ಇಲಾಖೆ ಬಾಯಾರು ಒಣಗಸಂದ್ರು, ನಾ ಗಂಟ ಕಟ್ಟಿ ಮೊಳಕಿ ಒಡಸೀನಿ. ಕೂರಿಗ್ಯಾಗ ಮುರದು ಹೋದ್ವು."

ಗಿರಿಮಲ್ಲಪ್ಪ ಚಹಾದ ಬಸಿಯನ್ನು ಕೆಳಗಿಟ್ಟ. "ಏನಂದಿ? ಇನ್ನೊಮ್ಮಿ ಅನ್ನು."

"ಒಮ್ಮಿ ಅಂದೇನಿ, ಸಾಕು."

ಅವನಿಗೆ ನಗು ತಡೆಯಲಾಗಲಿಲ್ಲ. ಮಾಂತೇಶನಿಗೆ, "ಹದಿನೈದ ದಿನ ತಡಿಯಪಾ," ಎಂದ.

ಈ ಸಲ ಕಸ್ತೂರೆವ್ವ ನೆನೆದ ಭತ್ತವನ್ನು ಪಡಸಾಲೆಯ ನೆರಳಿನಲ್ಲಿ ಗೋಣಿ ತಟ್ಟಿನ ಮೇಲೆ ಹರವಿದಳು. ಗಳಿಗೆಗೊಂದು ಸಲ ಒಂದು ಕಾಳು ಎತ್ತಿ ಕಡಿದು ನೋಡಿದಳು. ಮೂರನೆಯ ದಿನ ಹಲ್ಲಿಗೆ ಕಟ್ಟೆಂದ ಮೇಲೆಯೇ ಕೂರಿಗೆಗೆ ಕೊಟ್ಟಳು.

ಒಂಬತ್ತನೆಯ ದಿನ ಸಾಲು ಹಿಡಿದು ಹಸಿರು ಎದ್ದಿತ್ತು. ಉಪ್ಪು ಹೆಚ್ಚಿದ್ದ ಮೂಲೆಯೊಂದು ಬೋಳಾಗಿಯೇ ಉಳಿಯಿತು. ಗಿರಿಮಲ್ಲಪ್ಪ ಬದುವಿನ ಮೇಲೆ ನಿಂತೇ ಮಾಂತೇಶನಿಗೆ ಫೋನು ಹಚ್ಚಿ, "ಬರಬ್ಯಾಡಪಾ," ಎಂದ.

ಮರುವಾರ ಪಕ್ಕದ ಹೊಲದ ರಾಜಶ್ರೀ ಬೀಜ ಹದ ಮಾಡುವುದನ್ನು ಕೇಳಲು ಬಂದಳು.

"ಮೊದಲ ಇದನ್ನ ಕೇಳ, ತಂಗಿ," ಎಂದಳು ಕಸ್ತೂರೆವ್ವ. "ಗಂಟ ಕಟ್ಟಬ್ಯಾಡ. ನಾ ಕಟ್ಟಿ ತಪ್ಪ ಮಾಡೀನಿ."

ಕಟ್ಟೆಯ ಮೇಲಿದ್ದ ಗಿರಿಮಲ್ಲಪ್ಪನ ಕಿವಿಗೂ ಅದು ಬಿತ್ತು. ಇನ್ನೊಮ್ಮಿ ಅನ್ನು ಎಂದು ಅವನು ಕೇಳಲಿಲ್ಲ.